ಬೆಣ್ಣೆ ಕಡೆಯುವ ಗಾಡಿ

ಯಾವ ಮಷೀನು ಕೆಟ್ಟಿದೆ ಅಂತ ಕರೆ ಬಂದರೂ ನಮ್ಮ ರಬ್ಬರ್ ಸಾಹೇಬರು ಮೊದಲು ಕೇಳುತ್ತಿದ್ದದ್ದು ಸ್ಪ್ಯಾನರನ್ನಲ್ಲ, ಒಂದು ಲೋಟ ನೀರನ್ನು. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಬಾಯಾರಿ ಬಂದಿದ್ದಾರೆ ಅಂತ ಓಡಿಹೋಗಿ ತಣ್ಣನೆಯ ನೀರು ತಂದುಕೊಡುತ್ತಿದ್ದರು. ಸಾಹೇಬರು ಅದನ್ನು ಬಾಯಿಗೆ ತಾಗಿಸುತ್ತಿರಲಿಲ್ಲ. ಅಂಚಿನ ತನಕ ತುಂಬಿದ ಸ್ಟೀಲ್ ಲೋಟವನ್ನು ಓಡುತ್ತಿರುವ ಮಷೀನಿನ ಮೈಮೇಲೆ ಇಟ್ಟು, ಕನ್ನಡಕವನ್ನು ಹಣೆಗೇರಿಸಿ, ಕೈ ಹಿಂದೆ ಕಟ್ಟಿಕೊಂಡು, ಜೋಯಿಸರು ಪಂಚಾಂಗ ನೋಡುವ ಹಾಗೆ ನೀರನ್ನು ನೋಡುತ್ತಾ ನಿಲ್ಲುತ್ತಿದ್ದರು. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಸ್ವಲ್ಪ ಹೊತ್ತಿಗೆ, “ಎಡಗಡಿ ಹಿಂದಿನ ಕಾಲು ಸಡ್ಲ ಐತಿ, ಬಿಚ್ಚಿ ನೋಡ್ರಿ” ಅನ್ನುತ್ತಿದ್ದರು. ಬಿಚ್ಚಿದರೆ ಅದೇ ಕಾಲು ಸಡಿಲವಾಗಿರುತ್ತಿತ್ತು.

“ಮನಷಾ ಸುಳ್ಳು ಹೇಳ್ತಾನ, ಮೀಟರ್ ಸುಳ್ಳು ಹೇಳ್ತೈತಿ. ನೀರು ಹೇಳಂಗಿಲ್ಲ ತಂಗಿ” ಎಂಬುದು ಅವರ ಮಾತು. ಲೋಟದ ನೀರನ್ನು ಕೊನೆಗೆ ಕಿಟಕಿಯ ಬಳಿಯ ತುಳಸಿಗೆ ಹಾಕುತ್ತಿದ್ದರು. ನಮ್ಮ ಫ್ಯಾಕ್ಟರಿಯಲ್ಲಿ ಮಷೀನುಗಳು ಎಷ್ಟು ಕೆಡುತ್ತಿದ್ದವು ಅನ್ನುವುದಕ್ಕೆ ಆಳೆತ್ತರ ಬೆಳೆದಿದ್ದ ಆ ತುಳಸಿಯೇ ಸಾಕ್ಷಿಯಾಗಿತ್ತು.

ಕಳೆದ ತಿಂಗಳು ಅವರು ಹೋಗಿಬಿಟ್ಟರು ಅಂತ ದಾವಣಗೆರೆಯಿಂದ ಫೋನ್ ಬಂತು. ಬಂದಾಗಿನಿಂದ ಅವರ ನೆನಪು. ಅಳು ಬರಬೇಕಾದ ಕಡೆಯಲ್ಲೆಲ್ಲ ನಗುವೇ ಬರುತ್ತಿದೆ. “ಸತ್ತವರ ಕಣ್ಣು ದೊಡ್ಡವು ಅಂತಾರೆ ಕಣೇ, ನಕ್ಕರೆ ನೋಡ್ತಾರೆ” ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇವರು ನೋಡಿದರೂ ಏನೂ ಅಂದುಕೊಳ್ಳುವವರಲ್ಲ.

ನಾನು ಪೀಣ್ಯದ ಆ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದೆ. ಅವರು ಮೇಂಟೆನೆನ್ಸಿನಲ್ಲಿ. ತಗಡನ್ನು ಒತ್ತುವ ದೊಡ್ಡ ದೊಡ್ಡ ಪ್ರೆಸ್ಸುಗಳು ನಮ್ಮಲ್ಲಿದ್ದವು. ಅವು ಕುಟ್ಟುವಾಗ ನೆಲ ನಡುಗಿ, ಕ್ಯಾಂಟೀನಿನಲ್ಲಿ ಇಡ್ಲಿಯೇ ತಟ್ಟೆ ಬಿಟ್ಟು ಸರಿಯುತ್ತಿತ್ತು. ಸಾಹೇಬರು ಬಂದ ಮೇಲೆ ಒಂದೊಂದೇ ಪ್ರೆಸ್ಸಿನ ಕಾಲಡಿಗೆ ರಬ್ಬರಿನ ದಪ್ಪ ಪ್ಯಾಡುಗಳನ್ನು ಹಾಸಿಸಿ ಇಡ್ಲಿಯನ್ನು ಇದ್ದಲ್ಲೇ ನಿಲ್ಲಿಸಿದರು. ಅಂದಿನಿಂದ ಅವರಿಗೆ ರಬ್ಬರ್ ಸಾಹೇಬರು ಅಂತಲೇ ಹೆಸರಾಯಿತು. ತಂದೆ ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಮಷೀನು ಕೂರಿಸುವುದರಲ್ಲಿ ಅವರದೊಂದು ಪದ್ಧತಿ ಇತ್ತು. ಪ್ಯಾಡ್ ಹಾಕಿದ ಮೇಲೆ ಬೋಲ್ಟುಗಳನ್ನು ಪೂರ್ತಿ ಬಿಗಿಯಲು ಬಿಡುತ್ತಿರಲಿಲ್ಲ. ಸಡಿಲವಾಗಿಯೇ ಒಂದಷ್ಟು ಹೊತ್ತು ಓಡಿಸಬೇಕು. ಮಷೀನು ತನಗೆ ಬೇಕಾದ ಹಾಗೆ ಹೊರಳಿ ಕೂರಬೇಕು. ಆಮೇಲೆ ಸ್ಪ್ಯಾನರ್. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮ್ಯಾನೇಜರು ಬಂದವರೇ ಇಡೀ ಸ್ಟೋರ್ಸನ್ನು ನನ್ನ ತಲೆ ಮೇಲೆ ಹಾಕಿ, ಸಂಜೆಯೊಳಗೆ ಲೆಕ್ಕ ಕೊಡಿ ಅಂದಾಗ ಇವರು ಬಾಗಿಲಲ್ಲಿ ನಿಂತಿದ್ದರು. “ಸ್ವಾಮಿ, ಹೊಸದಾಗಿ ಬಂದಾಳ. ಕೂತ್ಕೊಳ್ಳಾಕ ಬಿಡ್ರಿ, ಆಮ್ಯಾಲ ಬಿಗೀರಿ” ಅಂದರು. ಅವತ್ತಿನಿಂದ ನಾನು ಅವರಿಗೆ ತಂಗಿ. ಸಾಲದ್ದಕ್ಕೆ ನಮ್ಮ ಮನೆಯೂ ಗೊರಗುಂಟೆಪಾಳ್ಯದ ಹಿಂದೆ ಅವರಿದ್ದ ಕಟ್ಟಡದಲ್ಲೇ. ಅವರದು ಎರಡನೆಯ ಮಹಡಿ, ನಮ್ಮದು ಮೂರನೆಯದು.

ಅವರ ಹೆಂಡತಿಯನ್ನು ನಾನು ಅಕ್ಕ ಅಂತಿದ್ದೆ. ಅಕ್ಕ ದಾವಣಗೆರೆಯವರು. ಅವರ ಮನೆಯ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನಮ್ಮ ಮಹಡಿಯಲ್ಲಿ ಹಸಿವಾಗುತ್ತಿತ್ತು. ಗಂಡ ಮಾತಾಡುವಾಗ ಅಕ್ಕ ಸುಮ್ಮನಿರುತ್ತಿದ್ದರು. ಅವರು ಮುಗಿಸಿದ ಮೇಲೆ ಒಂದೇ ಮಾತು ಆಡುತ್ತಿದ್ದರು. ಅದಾದ ಮೇಲೆ ಸಾಹೇಬರಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಇನ್ನು ಗಾಡಿಯ ವಿಷಯಕ್ಕೆ ಬರುತ್ತೇನೆ. ಏಳು ಜನ ಕೂರುವ ದೊಡ್ಡ ಡೀಸೆಲ್ ಗಾಡಿ, ಯಾರೋ ಓಡಿಸಿ ಬಿಟ್ಟದ್ದು. ಕೊಳ್ಳುವ ಮೊದಲು ಸಾಹೇಬರು ಅದರ ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, “ಎದಿ ಗಟ್ಟಿ ಐತಿ” ಅಂದರಂತೆ. ಲೋಟ ಇಡಲಿಲ್ಲ. ಇಟ್ಟಿದ್ದರೆ ನನಗೆ ಈ ಕಥೆ ಇರುತ್ತಿರಲಿಲ್ಲ.

ಆ ಗಾಡಿ ಚಾಲೂ ಆಗುವಾಗ ಒಳಗೆ ಯಾರೋ ಬಾಗಿಲು ಒದ್ದ ಹಾಗೆ ಧಡ್ ಅನ್ನುತ್ತಿತ್ತು. ನಿಲ್ಲುವಾಗ ಇನ್ನೊಂದು ಧಡ್. ಸಿಗ್ನಲ್ಲಿನಲ್ಲಿ ನಿಂತರೆ ಗೇರಿನ ಕೋಲು ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಹಿಂದೆ ಬರುವ ಒಂದು ಆಟೋ ಮೂರಾಗಿ ಕಾಣುತ್ತಿತ್ತು. ಹಿಂದಿನ ಬಾಗಿಲಂತೂ ಅಲುಗಿ ಅಲುಗಿ ಹೇಗಾಗಿತ್ತೆಂದರೆ, ಕಟ್ಟಡವೆಲ್ಲ ಕೇಳುವ ಹಾಗೆ ಬಡಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಹೇಬರು ಅಕ್ಷರಶಃ ನೆಲವನ್ನೇ ಹಿಡಿದರು. “ತುಮಕೂರು ರಸ್ತೆ ಒಂದು ರಸ್ತೆನಾ ತಂಗಿ? ಫ್ಲೈಓವರ್ ಕಟ್ಟಾಕ ಹತ್ತ್ಯಾರ, ಎಲ್ಲಾ ಕಡಿ ಅಗದಾರ. ಇದ್ರ ಮ್ಯಾಲ ರಥಾ ಓಡಿಸಿದ್ರೂ ಅಲಗಾಡತೈತಿ” ಅನ್ನುತ್ತಿದ್ದರು.

ಒಮ್ಮೆ ನಾನೂ ಬಿಡಲಿಲ್ಲ. “ಸಾರ್, ನಿಂತಾಗ್ಲೂ ಅಲುಗಾಡುತ್ತಲ್ಲ? ನಿಂತಿರೋ ಗಾಡಿಗೆ ರಸ್ತೆ ಏನ್ ಮಾಡುತ್ತೆ?”

“ಕಂಬಾ ನೆಡಾಕ ಪೈಲಿಂಗ್ ಹೊಡೀತಾರಲ್ಲ ಅಲ್ಲಿ? ಭೂಮೀನ ನಡಗತೈತಿ.”

“ಪಕ್ಕದಲ್ಲಿರೋ ಕಾರುಗಳು ನಡುಗ್ತಿಲ್ಲ ಸಾರ್.”

“ಅವು ಸಣ್ಣವು ತಂಗಿ. ನಡಕ ಅನ್ನೋದು ದೊಡ್ಡೋರಿಗೇ ಮೊದ್ಲು ತಿಳೀತೈತಿ.”

ರಸ್ತೆಯಾದ ಮೇಲೆ ಟೈರಿನ ಸರದಿ. ಟೈರು ಬದಲಾಯಿಸಿದರು. ಆಮೇಲೆ ಡೀಸೆಲ್ಲಿಗೆ ನೀರು ಬೆರೆಸುತ್ತಾರೆ ಅಂತ ಬಂಕ್ ಬದಲಾಯಿಸಿದರು. ಬದಲಾಯಿಸಲು ಇನ್ನೇನೂ ಉಳಿಯದೆ ಹೋದಾಗ, ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿ, “ನೀನು ಒಂದ್ ಕಡೀಗೆ ವಾಲಿ ಕೂರ್ತಿ ನೋಡು, ಅದಕ್ಕ ಬ್ಯಾಲೆನ್ಸ್ ತಪ್ಪತೈತಿ” ಅಂದುಬಿಟ್ಟರು. ಅಕ್ಕ ಆಗ ಏನೂ ಅನ್ನಲಿಲ್ಲ. ಅನ್ನಬೇಕಾದದ್ದನ್ನೆಲ್ಲ ಅಕ್ಕನ ಪರವಾಗಿ ಗಾಡಿಯೇ ಅಂದಿತು, ಅದೂ ಮದುವೆ ಮನೆಯಲ್ಲಿ, ನೆಂಟರಿಷ್ಟರ ಮುಂದೆ.

ಅಕ್ಕನ ತವರಿನಲ್ಲಿ ಒಂದು ಪದ್ಧತಿ ಇದೆ. ಹುಡುಗಿಗೆ ಅರಿಶಿಣ ಹಚ್ಚುವ ದಿನ ಅವಳ ಎಲೆಗೆ ಬಡಿಸುವ ಮೊಸರನ್ನು ಚಿಕ್ಕಮ್ಮನಾದವಳು ತನ್ನ ಮನೆಯಲ್ಲೇ ಹೆಪ್ಪು ಹಾಕಿ, ಗಡಿಗೆಯಲ್ಲಿ ತಾನೇ ಹೊತ್ತು ತರಬೇಕು. ಮನೆ ಯಾವ ಊರಿನಲ್ಲಿದ್ದರೂ ಸರಿ. ಅಕ್ಕನ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಗೆ ಅಕ್ಕ ಗಟ್ಟಿ ಹಾಲಿಗೆ ಹೆಪ್ಪು ಹಾಕಿ, ಬೆಣ್ಣೆಯಂಥ ಕೆನೆ ಕಟ್ಟಿದ ಮೊಸರಿನ ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಈ ಗಾಡಿಯಲ್ಲಿ ಕೂತರು. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಎಲ್ಲ ದಾಟಿ ದಾವಣಗೆರೆ ಮುಟ್ಟಿ, ಹುಡುಗಿಯ ಎಲೆಯ ಮುಂದೆ ಗಡಿಗೆಯಿಟ್ಟು ಬಟ್ಟೆ ಬಿಚ್ಚಿದರೆ, ಮೊಸರು ಎಲ್ಲಿದೆ? ತೆಳ್ಳನೆಯ ಮಜ್ಜಿಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಮುದ್ದೆ ತೇಲುತ್ತಿತ್ತು. ದಾರಿಯುದ್ದಕ್ಕೂ ಗಾಡಿ ಮೊಸರು ಕಡೆದಿತ್ತು.

ಆ ಮನೆಯ ಹಿರಿಯರೊಬ್ಬರು, ಅಕ್ಕನ ಸೋದರಮಾವ, ಬಗ್ಗಿ ನೋಡಿ, “ದಾವಣಗೆರೆಗೆ ಬೆಂಗಳೂರಿಂದ ಬೆಣ್ಣಿ ತಂದ್ಯಲ್ಲವ್ವಾ! ಇಲ್ಲೇನು ಬರ ಬಿದ್ದಿತ್ತಾ?” ಅಂದರು. ಚಪ್ಪರ ಹಾರಿಹೋಗುವ ಹಾಗೆ ಜನ ನಕ್ಕರಂತೆ. ಪಕ್ಕದ ಮನೆಯಿಂದ ಮೊಸರು ತಂದು ಬಡಿಸಿದರಂತೆ. ಅಕ್ಕ ಬಸ್ಸಿನಲ್ಲಿ ವಾಪಸ್ಸು ಬಂದರು. ಬಂದವರೇ, “ಇನ್ನ ಮ್ಯಾಲ ನಾನು ಆ ಗಾಡಿ ಹತ್ತಿದ್ರ ಕೇಳ್ರಿ” ಅಂದರು.

ಹತ್ತಲಿಲ್ಲ. ಎರಡು ವರ್ಷ ಹತ್ತಲಿಲ್ಲ. ಸಂತೆಗೆ ಆಟೋ, ದೇವಸ್ಥಾನಕ್ಕೆ ಬಸ್ಸು. ಸಾಹೇಬರು ಭಾನುವಾರ ಬೆಳಿಗ್ಗೆ ಗಾಡಿ ತೊಳೆದು, ಮುಂದಿನ ಎಡಗಡೆಯ ಸೀಟನ್ನು ಬೇರೆ ಬಟ್ಟೆಯಲ್ಲಿ ಒರೆಸಿ, ಮೇಲೆ ನೋಡಿ, “ಬರ್ತೀ ಏನು?” ಅನ್ನುತ್ತಿದ್ದರು. ಬಾಲ್ಕನಿಯಿಂದ ಅಕ್ಕ, “ರಸ್ತಿ ಸರಿಯಾತಾ?” ಅನ್ನುತ್ತಿದ್ದರು. ಸಾಹೇಬರು ಒಬ್ಬರೇ ಹೋಗುತ್ತಿದ್ದರು. ಏಳು ಜನರ ಗಾಡಿಯಲ್ಲಿ ಒಬ್ಬ ಮನುಷ್ಯ, ಪಕ್ಕದ ಸೀಟಿನಲ್ಲಿ ಸೊಪ್ಪಿನ ಚೀಲ. ನಮಗೆಲ್ಲ ನಗು. ಅವರಿಗೆ ನಗು ಇರಲಿಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಅಕ್ಕನ ಅಕ್ಕನ ಚಿಕ್ಕ ಮಗಳ ಮದುವೆ ನಿಶ್ಚಯವಾಯಿತು. ತುಮಕೂರು ರಸ್ತೆಯ ಫ್ಲೈಓವರು ತೆರೆಯಿತು.

ಅಕ್ಕ ಸದ್ದಿಲ್ಲದೆ ದಾವಣಗೆರೆ ಬಸ್ಸಿಗೆ ಒಂದು ಟಿಕೆಟು ಬುಕ್ ಮಾಡಿಸಿದರು. ಒಂದೇ. ಅದನ್ನು ತಂದುಕೊಟ್ಟವಳು ನಾನು. ಸಾಹೇಬರು ಅದನ್ನು ಟೀವಿಯ ಮೇಲೆ ನೋಡಿದ್ದಾರೆ. ಮಾರನೆಯ ದಿನ ಸ್ಟೋರ್ಸಿಗೆ ಬಂದು, ಬೇರಿಂಗ್ ಕೇಳುವ ನೆಪದಲ್ಲಿ ನಿಂತು, ಬೇರಿಂಗ್ ಕೊಟ್ಟರೂ ಹೋಗಲಿಲ್ಲ.

“ತಂಗಿ, ಮದುವಿ ಮನಿಗೆ ಆಕಿ ಬಸ್ಸಿನಾಗ ಒಬ್ಬಾಕೀನ ಇಳಿದ್ರ, ನಾನು ಗಾಡಿಯೊಳಗ ಒಬ್ಬನ ಇಳಿದ್ರ, ಜನ ಏನಂತಾರ?”

“ನೀವೂ ಬಸ್ಸಲ್ಲೇ ಹೋಗಿ ಸಾರ್.”

“ಸೀಟಿನ ಮಾತಲ್ಲ ಅದು” ಅಂದರು. ಬೇರಿಂಗನ್ನು ಬೆರಳಲ್ಲಿ ತಿರುಗಿಸುತ್ತಾ, “ಆಕಿ ಪಕ್ಕದಾಗ ಕೂತು ‘ಎಡಕ್ಕ ಲಾರಿ ಐತಿ, ಬಲಕ್ಕ ಆಕಳ ಐತಿ’ ಅಂತ ಹೇಳ್ದೇ ಇದ್ರ ನನಗ ಗಾಡಿ ಓಡಿಸಿದಂಗ ಆಗಂಗಿಲ್ಲ” ಅಂದರು.

ಆ ಭಾನುವಾರ ನನ್ನನ್ನು ಸಾಕ್ಷಿಗೆಂದು ಕೂರಿಸಿಕೊಂಡು ಹೊಸ ಫ್ಲೈಓವರು ಹತ್ತಿದರು. ಅವರ ಲೆಕ್ಕ ಸರಳವಾಗಿತ್ತು: ರಸ್ತೆ ಸರಿಯಾಗಿದೆ, ಗಾಡಿ ಅಲುಗುವುದಿಲ್ಲ, ನಾನು ಹೋಗಿ ಅಕ್ಕನಿಗೆ ಹೇಳುತ್ತೇನೆ. ರಸ್ತೆ ಕನ್ನಡಿಯ ಹಾಗಿತ್ತು. ನಾವು ಆ ಕನ್ನಡಿಯ ಮೇಲೆ ರಾಗಿ ಬೀಸಿದ ಹಾಗೆ ಗಡಗಡ ಹೋದೆವು. ನನ್ನ ಬಾಯಿಂದ ಬಂದ ಮಾತು ತುಂಡು ತುಂಡಾಗಿ ಬೀಳುತ್ತಿತ್ತು.

“ಇ-ಇಲ್ಲೂ ಪೈ-ಪೈಲಿಂಗಾ ಸಾ-ಸಾರ್?”

ಅವರು ಕಿಟಕಿಯ ಗಾಜನ್ನು ಏರಿಸಿದರು. “ಮ್ಯಾಲ ಗಾಳಿ ಜಾಸ್ತಿ ತಂಗಿ” ಅಂದರು. ಆದರೆ ದನಿಯಲ್ಲಿ ಹಳೆಯ ಗಟ್ಟಿತನ ಇರಲಿಲ್ಲ. ನೆಲದಿಂದ ಅಷ್ಟು ಎತ್ತರಕ್ಕೆ ಹೋದ ಮೇಲೆ ನೆಲದ ಮೇಲೆ ತಪ್ಪು ಹೊರಿಸುವುದು ಅವರಿಗೂ ಕಷ್ಟವಾಗಿತ್ತು.

ವಾಪಸ್ಸು ಬಂದು ಕಟ್ಟಡದ ಮುಂದೆ ಗಾಡಿ ನಿಲ್ಲಿಸಿದಾಗ ಅಕ್ಕ ಕೆಳಗೆ ಬಂದಿದ್ದರು. ಕೈಯಲ್ಲಿ ಅಂಚಿನ ತನಕ ತುಂಬಿದ ಸ್ಟೀಲ್ ಲೋಟ. ಸಾಹೇಬರು, ಪಾಪ, ಕುಡಿಯಲು ತಂದಿದ್ದಾಳೆ ಅಂದುಕೊಂಡು ಕಿಟಕಿಯಿಂದ ಕೈ ಚಾಚಿದರು. ಅಕ್ಕ ಅವರ ಕೈ ದಾಟಿ ಮುಂದೆ ಹೋಗಿ, ಬಾನೆಟ್ಟಿನ ಮೇಲೆ ಲೋಟ ಇಟ್ಟರು.

“ಬಂದ್ ಮಾಡಬ್ಯಾಡ್ರಿ. ಊರ ಮಷೀನಿಗೆಲ್ಲ ಇಡ್ತೀರಿ. ಮನೀದಕ್ಕೂ ಒಂದು ಸಲ ಇಟ್ಟು ನೋಡ್ರಿ.”

ನಮ್ಮ ಫ್ಯಾಕ್ಟರಿಯ ಯಾವ ಮಷೀನಿನ ಮೇಲೂ ನೀರು ಹಾಗೆ ಕುಣಿದದ್ದನ್ನು ನಾನು ಕಂಡಿರಲಿಲ್ಲ. ಬಳೆಗಳು ಏಳಲಿಲ್ಲ, ಕಾರಂಜಿ ಎದ್ದಿತು. ಲೋಟವೇ ಹೆಜ್ಜೆ ಹಾಕುತ್ತಾ ಬಾನೆಟ್ಟಿನ ಅಂಚಿನವರೆಗೆ ನಡೆದು, ಅಲ್ಲಿ ಒಂದು ಗಳಿಗೆ ನಿಂತು, ಟಣಾರನೆ ಕೆಳಗೆ ಹಾರಿತು.

ಸಾಹೇಬರು ಇಳಿದು ಬಂದು ಲೋಟ ಎತ್ತಿಕೊಂಡರು. ಕನ್ನಡಕ ಹಣೆಗೇರಿತು. ಆಗ ಆ ಮುಖದಲ್ಲಿ ಗಾಡಿಯ ಯಜಮಾನ ಹೋಗಿ ಮೇಂಟೆನೆನ್ಸಿನ ಮನುಷ್ಯ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಬಾನೆಟ್ ತೆರೆದು ಕೋಲಿಗೆ ನಿಲ್ಲಿಸಿ, “ಇಬ್ರೂ ಪಕ್ಕಕ್ಕ ನಿಂತು ಇಂಜಿನ್ನಾ ನೋಡ್ತಿರ್ರಿ, ಮುಂದ ನಿಲ್ಲಬ್ಯಾಡ್ರಿ” ಅಂತ ಹೇಳಿ ಒಳಗೆ ಕೂತರು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ಚನ್ನು ಒಂಚೂರೇ ಬಿಟ್ಟರು. ಗಾಡಿ ಕದಲಲಿಲ್ಲ. ಇಂಜಿನ್ ಮಾತ್ರ ಒಂದು ಮಗ್ಗುಲಿಗೆ ಎದ್ದು, ವಾಲಿ, ಧಡ್ ಅಂತ ಮತ್ತೆ ಕೂತಿತು.

“ಅಯ್ಯ ಶಿವನೇ! ಇದು ಎದ್ದು ಕೂತ್ಕಂತಲ್ರೀ!” ಅಂದರು ಅಕ್ಕ.

“ಇನ್ನೊಮ್ಮೆ ನೋಡು. ಯಾವ ಕಡಿ ಏಳತೈತಿ?”

“ಬಲಕ್ಕ. ಒಂದ್ ಕಡೀಗೆ ವಾಲಿ ಕೂರೋದು ಯಾರು ಅಂತ ಈಗ ಗೊತ್ತಾತು.”

ಸಾಹೇಬರು ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದರು. ಕಾಲೆರಡು ಮಾತ್ರ ಹೊರಗೆ. “ಏನಾಗಿದೆ ಸಾರ್?” ಅಂದೆ. ಕೆಳಗಿನಿಂದ ಸಣ್ಣ ದನಿ ಬಂತು: “ಮೌಂಟಿಂಗ್ ಹೋಗ್ಯಾವು.”

“ಹಂಗಂದ್ರೆ?”

ಕೆಳಗೆ ಟಾರ್ಚ್ ಆರಿತು.

“ಇಂಜಿನ್ನು ಅದರ ಮ್ಯಾಲ ಕೂತಿರತೈತಿ ತಂಗಿ. ಅದರ ನಡಕ ಗಾಡಿಗೆ ಬರದಂಗ ತಡೀತಾವು.” ಇನ್ನೂ ಸಣ್ಣ ದನಿಯಲ್ಲಿ, “ರಬ್ಬರಿನವು.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಕ್ಕ ಒತ್ತಿಕೊಳ್ಳಲಿಲ್ಲ. ಎರಡು ವರ್ಷದ ನಗುವನ್ನೆಲ್ಲ ಒಂದೇ ಸಲ ನಕ್ಕು, ಕಣ್ಣೊರೆಸಿಕೊಂಡು ಮೇಲೆ ಹೋದರು. ಮೆಟ್ಟಿಲ ಮೇಲಿಂದ ಮಾತು ಬಂತು: “ಟಿಕೆಟ್ ಇರ್ಲಿ. ರಿಪೇರಿ ಆಗ್ಲಿ, ಆಮ್ಯಾಲ ನೋಡೋಣು.”

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಹಳೆಯ ಮಾತು. ಆ ಕತ್ತಲೆ ತಿಳಿದ ಕೂಡಲೇ ದೀಪದವರು ಸುಮ್ಮನೆ ಅಂಗಡಿಗೆ ಹೋಗಿ ಹೊಸ ಮೌಂಟಿಂಗ್ ತಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪೀಣ್ಯಕ್ಕೆಲ್ಲ ರಬ್ಬರ್ ಹಾಸಿದವರು ಅಂಗಡಿಯ ರಬ್ಬರನ್ನು ನಂಬುತ್ತಾರೆಯೇ? ಹಳೆಯ ಮೌಂಟಿಂಗನ್ನು ನನಗೆ ತಂದು ತೋರಿಸಿದರು. ಎಣ್ಣೆ ಕುಡಿದು, ಸೀಳಿ, ಸವೆದ ಚಪ್ಪಲಿಯ ಹಿಮ್ಮಡಿಯ ಹಾಗಿತ್ತು. ಬೆರಳಿನಿಂದ ಒತ್ತಿ, “ಇಷ್ಟು ಮೆತ್ತಗ ಇದ್ರ ತಡೀತೈತೇನು? ನಮ್ಮ ಪ್ರೆಸ್ಸಿನ ಪ್ಯಾಡ್ ಕೊಡು, ಗುಜರೀದು. ಆನಿ ಕುಣಿದ್ರೂ ಜಗ್ಗಂಗಿಲ್ಲ” ಅಂದರು. ಗುಜರಿಗೆ ಹಾಕಿದ್ದ ಕಪ್ಪು ಕಲ್ಲಿನಂಥ ಪ್ಯಾಡುಗಳನ್ನು ಗೇಟ್ ಪಾಸ್ ಮಾಡಿಕೊಟ್ಟೆ. ಅವರೇ ಅಳತೆಗೆ ಕೊಯ್ದು, ತೂತು ಕೊರೆದು, ಗಾಡಿಗೆ ಹಾಕಿ, ಆತುರದಲ್ಲಿ ಬೋಲ್ಟುಗಳನ್ನು ಒಂದೇ ಏಟಿಗೆ ಕಡೆತನಕ ಬಿಗಿದರು. ಇಂಜಿನ್ ಈಗ ಕದಲುತ್ತಿರಲಿಲ್ಲ. ಕ್ಲಚ್ಚು ಬಿಟ್ಟು ನೋಡಿದರು, ಬಂಡೆ.

“ಬಾ, ಕೂತು ನೋಡು” ಅಂತ ಹೆಂಡತಿಯನ್ನು ಕರೆದರು. ಅಕ್ಕ ತಮ್ಮ ಶಪಥಕ್ಕೆ ಅರ್ಧ ದಿನದ ರಜೆ ಕೊಟ್ಟು, ಕೈಯಲ್ಲಿ ನೀರಿನ ಲೋಟ ಹಿಡಿದು, ಎರಡು ವರ್ಷದ ಮೇಲೆ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ.

ಏನು ಹೇಳಲಿ? ಹಿಂದೆ ಇಂಜಿನ್ ಒಂದೇ ಕುಣಿಯುತ್ತಿತ್ತು. ಈಗ ಇಡೀ ಗಾಡಿ ಅದರ ಜೊತೆ ಭಜನೆಗೆ ಕೂತಿತು. ಗಾಜುಗಳು ಹಾಡಿದವು, ಬಾಗಿಲುಗಳು ತಾಳ ಹಾಕಿದವು, ನನ್ನ ಹಲ್ಲುಗಳು ಕಟಕಟ ಅಂದವು. ಕಾಲಡಿಯಿಂದ ಎದ್ದ ನಡುಕ ಬೆನ್ನುಹುರಿ ಹತ್ತಿ ನೆತ್ತಿಯಲ್ಲಿ ಕೂತಿತು. ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ಅಕ್ಕನ ಲೋಟ ಖಾಲಿ, ಸೀರೆ ತೊಯ್ದು ತೊಪ್ಪೆ.

“ನಿಲ್ಲಿಸ್ರಿ” ಅಂದರು. ಇಳಿದರು. ಒಂದು ಆಟೋಗೆ ಕೈ ಅಡ್ಡ ಹಿಡಿದು, ನನ್ನನ್ನೂ ಕರೆದುಕೊಂಡು ಕೂತರು. ಬೆಂಗಳೂರಿನ ಆಟೋ, ಅದರಲ್ಲೂ ಹಳೆಯದು. ಅಕ್ಕ ಹಿಂದಕ್ಕೆ ಒರಗಿ ದೊಡ್ಡ ಉಸಿರು ಬಿಟ್ಟು, “ಎಷ್ಟ್ ಆರಾಮ ಐತಿ” ಅಂದರು. ಆಟೋಗೆ ತಾಗುವ ಹಾಗೆ ಗಾಡಿಯನ್ನು ಪಕ್ಕದಲ್ಲೇ ತರುತ್ತಿದ್ದ ಸಾಹೇಬರಿಗೆ ಅದು ಕೇಳಿಸಿತು. ಇಪ್ಪತ್ತು ವರ್ಷ ಯಾವ ಜನರಲ್ ಮ್ಯಾನೇಜರೂ ಮಾಡದ ಅವಮಾನವನ್ನು ಆ ಒಂದು ಮಾತು ಮಾಡಿತು.

ಸೋಮವಾರ ಸ್ಟೋರ್ಸಿಗೆ ಬಂದು ಸ್ಟೂಲಿನ ಮೇಲೆ ಕೂತರು. “ಮಲಗೋ ಮಂದಿಗೆ ಬಂಡಿಗಲ್ಲು ಹಾಸಿಕೊಟ್ಟಂಗ ಆತು ತಂಗಿ” ಅಂದರು. “ಪ್ರೆಸ್ಸು ನೆಲಕ್ಕ ಕುಟ್ಟತೈತಿ. ನೆಲ ತಡ್ಕೊಂತೈತಿ. ಅಲ್ಲಿ ಗಟ್ಟಿ ರಬ್ಬರ್ ನಡೀತೈತಿ. ಗಾಡಿಯೊಳಗ ತಡ್ಕೊಳ್ಳಾಕ ನೆಲ ಎಲ್ಲೈತಿ? ನನ್ನ ಹೇಣ್ತಿ ಕೂತಾಳ. ಇಂಜಿನ್ನಿನ ಸಿಟ್ಟನ್ನ ರಬ್ಬರ್ ತಾನೇ ನುಂಗಬೇಕಿತ್ತು. ನಾನು ನುಂಗದೇ ಇರೋ ರಬ್ಬರ್ ಹಾಕಿ, ಸೀದಾ ಆಕಿಗೇ ಮುಟ್ಟಿಸಿಬಿಟ್ಟೆ.” ಸ್ಟೂಲಿನಿಂದ ಏಳುತ್ತಾ, “ಬಿಗೀಬಾರದ ಹೊತ್ತಿನಾಗ ಬಿಗದೆ ಬ್ಯಾರೆ” ಅಂದರು.

ಆ ವಾರ ಆ ಗಾಡಿಗೇ ಮಾಡಿದ ಮೌಂಟಿಂಗುಗಳನ್ನು ತರಿಸಿದರು. ಇಂಜಿನ್ನಿಗೆ ಎರಡು, ಗೇರ್ ಬಾಕ್ಸಿಗೆ ಒಂದು. ಸವೆದದ್ದು ಒಂದೇ ಕಂಡರೂ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು, ಇಲ್ಲದಿದ್ದರೆ ಹಳೆಯವು ಹೊಸದನ್ನೂ ಕೆಡಿಸುತ್ತವೆ ಅಂತ ಅವರ ವಾದ. ಗ್ಯಾರೇಜಿನವನು ಬಾಯಿ ಜೋರಿನ ಮನುಷ್ಯ. ಇಂಜಿನ್ನಿನ ಕೆಳಗೆ ಹಲಗೆಯಿಟ್ಟು ಜಾಕ್ ಕೊಟ್ಟು ಎತ್ತಿ, ಹಳೆಯದು ತೆಗೆದು ಹೊಸದು ಹಾಕಿದವನೇ ಸ್ಪ್ಯಾನರ್ ಹಿಡಿದು ಬಿಗಿಯಲು ಹೋದ. ಸಾಹೇಬರು ಅವನ ಕೈ ಹಿಡಿದರು.

“ಏ, ತಡಿಯಪ್ಪ. ಬರೀ ಕಚ್ಚಿಸು. ಚಾಲೂ ಮಾಡು. ಕೂತ್ಕೊಳ್ಳಲಿ.”

“ಸಾರ್, ಹಿಂದೆ ಮೂರು ಗಾಡಿ ಕಾಯ್ತಾವೆ ಗುರುವೇ! ಇಂಜಿನ್ ಏನು ಮದ್ವೆಗಂಡಾ, ಹಸೆ ಮೇಲೆ ಕೂತ್ಕೊಳ್ಳೋಕೆ?”

“ಹೌದು ಅಂತ ತಿಳ್ಕೊ. ಅವಸರ ಮಾಡಿದ್ರ ಜೀವನಪೂರ್ತಿ ಗಲಗಲ ಅಂತಾನ.”

ಇಂಜಿನ್ ಓಡಿತು, ಹೊರಳಿತು, ತನ್ನ ಜಾಗ ನೋಡಿಕೊಂಡು ಕೂತಿತು. ಆಮೇಲೆ ಬಿಗಿದರು. ಬಾನೆಟ್ಟಿನ ಮೇಲೆ ಲೋಟ ಇಟ್ಟದ್ದು ಗ್ಯಾರೇಜಿನವನೇ, ತಮಾಷೆಗೆ. ನೀರಿನ ಮೇಲೆ ಒಂದು ಸಣ್ಣ ಬಳೆ ಎದ್ದು ಅಂಚು ಮುಟ್ಟಿ ಹೋಯಿತು. ಅಷ್ಟೇ.

ಅರಿಶಿಣದ ದಿನ ಬೆಳಕು ಹರಿಯುವಾಗ ಅಕ್ಕ ಮೊಸರಿನ ಗಡಿಗೆ ಹಿಡಿದು ಕೆಳಗೆ ಬಂದರು. ಬಸ್ಸಿನ ಟಿಕೆಟು ಸೊಂಟಕ್ಕೆ ಸಿಕ್ಕಿಸಿತ್ತು, ಗಾಡಿಗೂ ಕಾಣಲಿ ಅನ್ನುವ ಹಾಗೆ. ಚಾಲೂ ಆದಾಗ ಧಡ್ ಅನ್ನಲಿಲ್ಲ. ಅಕ್ಕ ಒಂದು ಗಳಿಗೆ ನಿಂತು ಕೇಳಿಸಿಕೊಂಡು, ಮುಂದಿನ ಸೀಟಿನಲ್ಲಿ ಕೂತರು. ನಾನು ತುಮಕೂರಿನ ಅಮ್ಮನ ಮನೆಗೆ ಹೋಗಬೇಕಿತ್ತು. ಅಮ್ಮ ಹಿತಕವರೆ ಸಾರು ಮಾಡಿ ಕಾಯುತ್ತಿದ್ದಳು. “ದಾರೀಲೇ ಐತಿ, ಕ್ಯಾತಸಂದ್ರದಾಗ ಇಳಿಸ್ತೀನಿ ಬಾ” ಅಂದರು ಸಾಹೇಬರು. ಹಿಂದೆ ಕೂತು ಬಾಗಿಲನ್ನು ಬಲವಾಗಿ ಬಡಿದೆ.

ಫ್ಲೈಓವರು ಹತ್ತಿದೆವು. ಅಕ್ಕ, “ಎಡಕ್ಕ ಲಾರಿ ಐತಿ” ಅಂದರು. ಸಾಹೇಬರ ಬೆನ್ನು ನೆಟ್ಟಗಾಯಿತು. ನೆಲಮಂಗಲ ದಾಟಿದೆವು. “ಬಲಕ್ಕ ಬಸ್ಸು” ಅಂದರು. ಆಮೇಲೆ ದನಿ ಇಲ್ಲ. ಬಗ್ಗಿ ನೋಡಿದರೆ ಅಕ್ಕ ಗಡಿಗೆಯನ್ನು ತಬ್ಬಿಕೊಂಡು, ತಲೆ ವಾಲಿಸಿ, ಬಾಯಿ ಒಂಚೂರು ತೆರೆದು ನಿದ್ದೆ ಹೋಗಿದ್ದಾರೆ.

ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಪಿಸುಮಾತಿನಲ್ಲಿ, “ನೋಡು ತಂಗಿ, ನಿದ್ದಿ” ಅಂದರು. ಮಗುವಿಗೆ ಮೊದಲ ಹಲ್ಲು ಬಂದದ್ದನ್ನು ತೋರಿಸುವ ಹಾಗೆ.

ಟೋಲ್ ಗೇಟಿನಲ್ಲಿ, ತುಂಬು ಗಬ್ಬದ ಹಸು ಕೆರೆಗೆ ಇಳಿದ ಹಾಗೆ, ಮೆಲ್ಲಗೆ ನಿಲ್ಲಿಸಿದರು. ಚೀಟಿ ಕೊಡುವವನು ಬಾಯಿ ತೆರೆಯುವ ಮೊದಲೇ ಸುಮ್ಮನಿರು ಅಂತ ಕೈಸನ್ನೆ ಮಾಡಿದರು. ಅಲ್ಲಿಂದ ಮುಂದೆ ಕ್ಯಾತಸಂದ್ರ. ಗಾಡಿ ನಿಧಾನವಾಯಿತು. ನಾನು ಬ್ಯಾಗ್ ಎತ್ತಿಕೊಂಡು ಬಾಗಿಲಿಗೆ ಕೈ ಹಾಕಿದೆ.

“ತಂಗಿ” ಅಂತ ಪಿಸುಗುಟ್ಟಿದರು. “ಬಾಗಲಾ ಹೆಂಗ ಹಾಕ್ತಿ?”

ನಾನು ಬಾಗಿಲು ನೋಡಿದೆ. ಬಡಿಯದೆ ಮುಚ್ಚಿಕೊಳ್ಳದ ಬಾಗಿಲು. ಅಕ್ಕನನ್ನು ನೋಡಿದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಗಾಡಿ ಮುಂದೆ ಹೋಯಿತು. ಕ್ಯಾತಸಂದ್ರ ಹೋಯಿತು, ತುಮಕೂರು ಹೋಯಿತು, ಶಿರಾ ಹೋಯಿತು. ಹಿರಿಯೂರಿನ ಹತ್ತಿರ ಅಮ್ಮನ ಫೋನ್ ಬಂತು. ಸೆರಗಿನೊಳಗೆ ಮುಖ ಹುದುಗಿಸಿ ಮಾತಾಡಿದೆ.

“ಎಲ್ಲಿದ್ದೀಯೇ? ಸಾರು ಆರ್ಹೋಯ್ತು.”

“ಹಿರಿಯೂರು.”

“ಹಿರಿಯೂರಾ? ಅಲ್ಲಿಗ್ಯಾಕೆ ಹೋದ್ಯೇ?”

“ಅಕ್ಕ ಮಲಗವ್ರಮ್ಮ.”

“ಅವರು ಮಲಗಿದ್ರೆ ನಿಂಗೇನೇ?” ಅಂದಳು ಅಮ್ಮ.

ಹೀಗೆ ತುಮಕೂರಿನಲ್ಲಿ ಇಳಿಯಬೇಕಾದ ನಾನು ಮಾಸಿದ ಕಾಟನ್ ಸೀರೆಯಲ್ಲಿ, ಕರೆಯದ ಮದುವೆಯ ಚಪ್ಪರದಲ್ಲಿ ಎಲೆಯ ಮುಂದೆ ಕೂತೆ. ಅಕ್ಕ ಗಡಿಗೆಯ ಬಟ್ಟೆ ಬಿಚ್ಚಿದರು. ಸುತ್ತ ಮುತ್ತ ತಲೆಗಳು ಬಗ್ಗಿದವು. ಕೆನೆ ಒಡೆದಿರಲಿಲ್ಲ, ಕಲ್ಲಿನ ಹಾಗೆ ಗಟ್ಟಿ ಮೊಸರು. ಹುಡುಗಿಯ ಎಲೆಗೆ ಒಂದು ಸೌಟು, ಆಮೇಲೆ ನನಗೂ ಒಂದು ಸೌಟು ಬಿತ್ತು. ಅದೇ ಸೋದರಮಾವ ಗಡಿಗೆಯೊಳಗೆ ಇಣುಕಿ, ಬಹಳ ಬೇಸರದಿಂದ, “ಯಾಕವ್ವಾ, ಈ ಸಲ ಬೆಣ್ಣಿ ಇಲ್ಲ? ನಾನು ಹುಡುಗುರಿಗೆಲ್ಲಾ ತೋರಸ್ತೀನಿ ಅಂತ ಕರ್ಕೊಂಡು ಬಂದಿದ್ದೆ” ಅಂದರು.

ಸಾಹೇಬರು ಎಲೆಯಿಂದ ತಲೆ ಎತ್ತಲಿಲ್ಲ. “ಹಳೇ ಮೌಂಟಿಂಗ್ ಡಿಕ್ಕಿಯೊಳಗ ಅದಾವು ಮಾಮಾ. ಹಾಕಿಸಿಕೊಡ್ಲಾ?”

ಈ ಸಲ ಚಪ್ಪರ ನಕ್ಕಾಗ ಅಕ್ಕನೂ ನಕ್ಕರು.

ನಿವೃತ್ತಿಯಾದ ಮೇಲೆ ಅವರು ದಾವಣಗೆರೆಗೇ ಹೋದರು, ಗಾಡಿಯೂ ಜೊತೆಗೆ ಹೋಯಿತು. ಕಳೆದ ತಿಂಗಳು ಸುದ್ದಿ ಬಂದಾಗ ನಾನು ಬಸ್ಸಿನಲ್ಲಿ ಹೊರಟೆ. ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಕ್ಯಾತಸಂದ್ರದಲ್ಲಿ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಇಳಿಯುವವರು ಇಳಿದರು, ಬಾಗಿಲು ಧಡಾರನೆ ಬಡಿಯಿತು, ಪಾಪ, ಅವಳು ಬೆಚ್ಚಿ ಎದ್ದು ಕೂತಳು.

ಸಾಹೇಬರಾಗಿದ್ದರೆ ನಿಲ್ಲಿಸುತ್ತಿರಲಿಲ್ಲ.